ಗೌನ್ ನೋಡುವಾಗ ಬ್ಲೌಸಿನ ಕಣ್ಣಿರಲಿ

ಅಮೆರಿಕದಲ್ಲಿ ಹೈಸ್ಕೂಲಿಗೆ ಹೋಗುವ ಮಗಳಿದ್ದರೆ ವರ್ಷಕ್ಕೆ ಎರಡು ಸಲವಾದರೂ ಮನೆಯಲ್ಲಿ ಡ್ರೆಸ್ಸಿನ ಮಾತು ಏಳುತ್ತದೆ. ಸೆಪ್ಟೆಂಬರ್ ಕೊನೆಗೋ ಅಕ್ಟೋಬರ್‌ನಲ್ಲೋ ಫುಟ್‌ಬಾಲ್ ಪಂದ್ಯದ ಬೆನ್ನಿಗೆ ಹೋಮ್‌ಕಮಿಂಗ್ ಅನ್ನುವ ಶಾಲೆಯ ಕುಣಿತದ ಸಂಜೆ ಬರುತ್ತದೆ. ಏಪ್ರಿಲ್‌ನಿಂದ ಜೂನ್ ಮೊದಲ ವಾರದೊಳಗೆ ಪ್ರಾಮ್, ಅಂದರೆ ಶಾಲೆಯ ವರ್ಷದ ಕೊನೆಯ ದೊಡ್ಡ ಕುಣಿತದ ರಾತ್ರಿ. ಹೋಮ್‌ಕಮಿಂಗ್‌ಗೆ ಮೊಣಕಾಲಿನ ಆಸುಪಾಸಿನ ಗಿಡ್ಡ ಡ್ರೆಸ್ ಸಾಕು, ಒಂಬತ್ತನೇ ತರಗತಿಯವರಿಂದ ಹಿಡಿದು ಎಲ್ಲರೂ ಹೋಗುತ್ತಾರೆ. ಪ್ರಾಮ್ ಹೆಚ್ಚಾಗಿ ಹನ್ನೊಂದು, ಹನ್ನೆರಡನೇ ತರಗತಿಯವರದು, ಅಲ್ಲಿ ನೆಲದವರೆಗಿನ ಗೌನ್. ಇಲ್ಲಿ ಬರೆಯುತ್ತಿರುವುದು ಮುಖ್ಯವಾಗಿ ಪ್ರಾಮ್ ಗೌನಿನ ಬಗ್ಗೆ. ಎಡವಿದರೆ ಸರಿಪಡಿಸುವುದು ಕಷ್ಟವಾಗುವುದು ಅದರಲ್ಲೇ.

ಕರ್ನಾಟಕದಲ್ಲಿ ಓದಿ ಬಂದ ಅಮ್ಮಂದಿರಿಗೆ ಪಿಯುಸಿ ಸೆಂಡ್‌ಆಫ್ ಗೊತ್ತು. ಬೀರುವಿನಿಂದ ಅಮ್ಮನ ಒಂದು ರೇಷ್ಮೆ ಸೀರೆ ತೆಗೆದು, ನೆರಿಗೆ ಹಿಡಿದು, ನಾಲ್ಕು ಪಿನ್ ಚುಚ್ಚಿದರೆ ಹುಡುಗಿ ಸಿದ್ಧ. ಸೀರೆ ಯಾರ ಮೈಗಾದರೂ ಒಗ್ಗುತ್ತದೆ. ಗೌನ್ ಹಾಗಲ್ಲ, ಒಂದೇ ಮೈಗೆ ಕೂರುತ್ತದೆ. ಆದರೆ ಸೀರೆಯ ಜೊತೆಗೆ ಬ್ಲೌಸ್ ಹೊಲಿಸಿ, ಬಿಚ್ಚಿಸಿ, ಮತ್ತೆ ಹೊಲಿಸಿ ಪಳಗಿದ ಕಣ್ಣೊಂದು ನಮ್ಮಲ್ಲಿದೆ. ಕಂಕುಳಲ್ಲಿ ಯಾಕೆ ಹಿಡಿಯುತ್ತಿದೆ, ಭುಜ ಯಾಕೆ ಜಾರುತ್ತಿದೆ, ಒಳಗೆ ಎಷ್ಟು ಮಾರ್ಜಿನ್ ಬಿಟ್ಟಿದ್ದಾರೆ ಅಂತ ಹುಡುಕುವ ಕಣ್ಣು. ಗೌನಿನ ಮೇಲ್ಭಾಗ ಒಂದು ಬಿಗಿ ಬ್ಲೌಸೇ. ಹಾಗಾಗಿ ಬಣ್ಣ, ಕತ್ತು, ಮಿನುಗು ಎಲ್ಲ ಮಗಳ ಆಯ್ಕೆಗೆ ಬಿಟ್ಟು, ಬಟ್ಟೆಯ ಒಳಮೈ ನೋಡುವ ಕೆಲಸ ನಾವು ಇಟ್ಟುಕೊಂಡರೆ ಅಂಗಡಿಯಲ್ಲಿ ಅರ್ಧ ಜಗಳ ಕಡಿಮೆಯಾಗುತ್ತದೆ, ಡ್ರೆಸ್ಸೂ ಚೆನ್ನಾಗಿ ಕೂರುತ್ತದೆ.

ಮೊದಲು ಕ್ಯಾಲೆಂಡರ್

ಪ್ರಾಮ್ ಮೇ ತಿಂಗಳಲ್ಲಿದ್ದರೆ ಜನವರಿ ಕೊನೆಗೆ ಹುಡುಕಲು ಶುರು ಮಾಡಿ. ಅಂಗಡಿಗಳಲ್ಲಿ ಹೊಸ ಸ್ಟಾಕ್ ತುಂಬಿರುವುದು ಜನವರಿಯಿಂದ ಮಾರ್ಚ್‌ವರೆಗೆ. ಸ್ಯಾಂಪಲ್ ಹಾಕಿ ನೋಡಿ ಅವಳ ಸೈಜಿಗೆ ತರಿಸುವುದಾದರೆ 8ರಿಂದ 12 ವಾರ ಹಿಡಿಯಬಹುದು. ಬಂದ ಮೇಲೆ ಆಲ್ಟರೇಶನ್‌ಗೆ ಇನ್ನೊಂದು 3–4 ವಾರ, ಅದರಲ್ಲಿ ಎರಡು ಸಲವಾದರೂ ಹಾಕಿ ನೋಡಬೇಕು. ಏಪ್ರಿಲ್ ಬಂತೆಂದರೆ ಮದುವೆ ಗೌನುಗಳೂ ಪ್ರಾಮ್ ಗೌನುಗಳೂ ಒಂದೇ ಟೈಲರ್ ಮೇಜಿನ ಮೇಲೆ ಬೀಳುತ್ತವೆ. ಆಗ ಹೋದರೆ ಅವಸರದ ಕೂಲಿ ಬೇರೆ. ಡ್ರೆಸ್ ಕೊಳ್ಳುವ ಮೊದಲೇ ಟೈಲರ್‌ಗೆ ಫೋನ್ ಮಾಡಿ ಒಂದು ದಿನ ಗೊತ್ತು ಮಾಡಿಕೊಳ್ಳಿ.

ದುಡ್ಡಿನ ಲೆಕ್ಕದಲ್ಲಿ ಆಲ್ಟರೇಶನ್ ಮರೆತು ಕೊಂಡವರು ಬಹಳ. ಒಟ್ಟು 300 ಡಾಲರ್ ಅಂದುಕೊಂಡಿದ್ದರೆ ಡ್ರೆಸ್ಸಿಗೆ 200 ಅಂತ ಮಗಳಿಗೆ ಮೊದಲೇ ಹೇಳಿ, ಉಳಿದದ್ದು ಹೊಲಿಗೆಗೆ. ಒಂದೇ ಪದರದ ಕ್ರೇಪ್ ಗೌನಿನ ಅಂಚು ಮಡಿಸುವುದಕ್ಕೂ, ಟ್ಯೂಲ್ ಅನ್ನುವ ತೆಳು ಜಾಲರಿ ಬಟ್ಟೆಯ ಐದು ಪದರದ ಅಂಚು ಮಡಿಸುವುದಕ್ಕೂ ಕೂಲಿಯಲ್ಲಿ ಎರಡು ಮೂರು ಪಟ್ಟು ವ್ಯತ್ಯಾಸ ಬರುತ್ತದೆ. ನ್ಯೂಜೆರ್ಸಿಯಲ್ಲಿದ್ದವರಿಗೆ ಬಟ್ಟೆಯ ಮೇಲೆ ಮಾರಾಟ ತೆರಿಗೆ ಇಲ್ಲ, ಬೇರೆ ಎಷ್ಟೋ ರಾಜ್ಯಗಳಲ್ಲಿ ಇದೆ. ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಶಾಲೆಯ ಡ್ರೆಸ್ ಕೋಡ್ ಓದುವುದು ಅಂಗಡಿಗೆ ಹೋಗುವ ಮುಂಚಿನ ಕೆಲಸ. ಬೆನ್ನು ಎಲ್ಲಿಯವರೆಗೆ ತೆರೆದಿರಬಹುದು, ಸೀಳು ಎಷ್ಟು ಎತ್ತರ, ಹೊಟ್ಟೆ ಕಾಣಬಹುದೇ ಅಂತ ಕೆಲವು ಶಾಲೆಗಳು ಸ್ಪಷ್ಟವಾಗಿ ಬರೆದಿರುತ್ತವೆ. ಬಾಗಿಲಲ್ಲಿ ತಡೆದರೆ ಆ ಹುಡುಗಿಗೆ ಆಗುವ ಅವಮಾನ ದೊಡ್ಡದು, ಆ ಹೊತ್ತಿನಲ್ಲಿ ಮಾಡಲು ಏನೂ ಉಳಿದಿರುವುದಿಲ್ಲ. ಇನ್ನೊಂದು ವಿಷಯ ನಮಗೆ ಹೊಸದು: ಎಷ್ಟೋ ಶಾಲೆಗಳಲ್ಲಿ ಹುಡುಗಿಯರು ತಮ್ಮ ಡ್ರೆಸ್ಸಿನ ಫೋಟೋ ಹಾಕುವ ಒಂದು ಇನ್‌ಸ್ಟಾಗ್ರಾಂ ಪುಟ ಇರುತ್ತದೆ, ಒಂದೇ ಡ್ರೆಸ್ ಇಬ್ಬರು ಕೊಳ್ಳದಿರಲಿ ಅಂತ. ಪ್ರಾಮ್ ಡ್ರೆಸ್ಸನ್ನೇ ಮಾರುವ ಕೆಲವು ಅಂಗಡಿಗಳು ಯಾವ ಶಾಲೆಗೆ ಯಾವ ಡ್ರೆಸ್ ಹೋಯಿತು ಅಂತ ಪುಸ್ತಕದಲ್ಲಿ ಬರೆದಿಡುತ್ತವೆ. ಇದನ್ನು ಹುಡುಗಾಟ ಅಂತ ತಳ್ಳಿಹಾಕಬೇಡಿ. ಮಗಳಿಗೆ ಇದು ನಿಜವಾಗಿಯೂ ಮುಖ್ಯ.

ಸೊಂಟ ಅಂದರೆ ಎಲ್ಲಿ

ಅಳತೆ ತಪ್ಪುವುದು ಟೇಪಿನಿಂದಲ್ಲ, ಮಾತಿನಿಂದ. ಕನ್ನಡದಲ್ಲಿ ನಾವು ಸೊಂಟ ಅನ್ನುವುದು ಸೀರೆಯ ನೆರಿಗೆ ಸಿಕ್ಕಿಸುವ ಜಾಗಕ್ಕೆ. ಬ್ಲೌಸ್ ಟೈಲರ್ ವೇಸ್ಟ್ ಅನ್ನುವುದು ಎದೆಯ ಕೆಳಗೆ ಬ್ಲೌಸ್ ಮುಗಿಯುವ ಜಾಗಕ್ಕೆ. ಗೌನಿನ ಚಾರ್ಟಿನಲ್ಲಿರುವ ವೇಸ್ಟ್ ಇವೆರಡೂ ಅಲ್ಲ. ಅದು ಮೈಯ ಅತಿ ಸಣ್ಣ ಜಾಗ, ಸಾಮಾನ್ಯವಾಗಿ ಹೊಕ್ಕುಳಿಗಿಂತ ಒಂದಿಂಚು ಮೇಲೆ. ಮಗಳಿಗೆ ಪಕ್ಕಕ್ಕೆ ಬಾಗಲು ಹೇಳಿ, ಎಲ್ಲಿ ಮಡಿಕೆ ಬೀಳುತ್ತದೋ ಅದೇ. ಅಲ್ಲಿ ಒಂದು ದಾರ ಕಟ್ಟಿಬಿಟ್ಟರೆ ಮುಂದಿನ ಅಳತೆಗಳಿಗೂ ಗುರುತಾಗುತ್ತದೆ. ಸೀರೆಯ ಸೊಂಟವನ್ನು ಬರೆದು ಕಳಿಸಿದರೆ ಡ್ರೆಸ್ ಒಂದು ಎರಡು ಸೈಜ್ ದೊಡ್ಡದಾಗಿ ಬರುತ್ತದೆ.

ಎದೆ ಸುತ್ತಳತೆಯನ್ನು ಆ ಡ್ರೆಸ್ಸಿಗೆ ಹಾಕುವಂಥ ಬ್ರಾ ಹಾಕಿಸಿಯೇ ತೆಗೆಯಿರಿ. ಹಿಪ್ ಅಂದರೆ ಕಟ್ಟಿದ ದಾರದಿಂದ 7–9 ಇಂಚು ಕೆಳಗೆ, ಅತಿ ಅಗಲವಾದ ಜಾಗ, ಕಾಲು ಜೋಡಿಸಿ ನಿಲ್ಲಬೇಕು. ನಾಲ್ಕನೆಯದು ಹಾಲೋ ಟು ಹೆಮ್: ಕತ್ತಿನ ಕೆಳಗೆ ಎರಡು ಮೂಳೆ ಸೇರುವ ಗುಳಿಯಿಂದ ನೆಲದವರೆಗೆ, ಹಾಕುವ ಚಪ್ಪಲಿಯ ಎತ್ತರ ಸೇರಿಸಿ. ಅಳತೆ ತೆಗೆಯುವಾಗ ಮಗಳು ಕೆಳಗೆ ಬಗ್ಗಿ ಟೇಪ್ ನೋಡಿದರೆ ಅರ್ಧ ಇಂಚು ಹೆಚ್ಚುಕಡಿಮೆ ಆಗುತ್ತದೆ. ನೇರ ನೋಡುತ್ತಾ ನಿಲ್ಲಲಿ.

ಸೈಜಿನ ನಂಬರ್ ನೋಡಿ ಬೇಜಾರು ಮಾಡಿಕೊಳ್ಳದಂತೆ ಅವಳಿಗೆ ಮೊದಲೇ ಹೇಳಿ. ಫಾರ್ಮಲ್ ಡ್ರೆಸ್ಸಿನ ಅಳತೆ ದಿನನಿತ್ಯದ ಬಟ್ಟೆಗಿಂತ ಚಿಕ್ಕದಿರುತ್ತದೆ. ಜೀನ್ಸಿನಲ್ಲಿ 4 ಹಾಕುವವಳಿಗೆ ಇಲ್ಲಿ 6 ಅಥವಾ 8 ಬರುವುದು ಮಾಮೂಲು. ಜೂನಿಯರ್ ವಿಭಾಗದಲ್ಲಿ 3, 5, 7 ಅಂತ ಬೆಸ ಸಂಖ್ಯೆ, ಮಿಸ್ಸಸ್ ವಿಭಾಗದಲ್ಲಿ 4, 6, 8 ಅಂತ ಸಮ ಸಂಖ್ಯೆ. ಎರಡೂ ಬೇರೆ ಬೇರೆ ಕಟಿಂಗ್. ಪ್ರತಿ ಬ್ರ್ಯಾಂಡಿನ ಚಾರ್ಟನ್ನೂ ಹೊಸದಾಗಿ ನೋಡಬೇಕು.

ಮೂರು ಅಳತೆ ಮೂರು ಸೈಜಿಗೆ ಬಿದ್ದರೆ ದೊಡ್ಡದನ್ನೇ ತೆಗೆದುಕೊಳ್ಳಿ. ಎದೆ ಮತ್ತು ಸೊಂಟ 6ಕ್ಕೆ, ಹಿಪ್ 8ಕ್ಕೆ ಬಂತು ಅಂದುಕೊಳ್ಳಿ. ಮೈಗಂಟುವ ಮರ್ಮೇಡ್ ಕಟ್ ಆದರೆ 8 ತಂದು ಮೇಲೆ ಹಿಡಿಸಬೇಕು. ಸೊಂಟದಿಂದ ಕೆಳಗೆ ಹರಡುವ ಎ-ಲೈನ್ ಆದರೆ ಹಿಪ್ ಲೆಕ್ಕಕ್ಕೇ ಬರುವುದಿಲ್ಲ, 6 ಸಾಕು. ಹಿಡಿಸುವುದು ಸುಲಭ, ಬಿಡಿಸುವುದು ಕಷ್ಟ. ಬ್ಲೌಸಿನಲ್ಲೂ ಇದೇ ಪಾಠ.

ಟ್ರಯಲ್ ರೂಮಿನಲ್ಲಿ

ಇಲ್ಲಿ ಬಾಯಿಗೆ ಬರುವ ಮೊದಲ ಮಾತು ನಮ್ಮ ಕಡೆ "ದಪ್ಪ ಕಾಣ್ತೀಯ", "ಈ ಬಣ್ಣದಲ್ಲಿ ಕಪ್ಪು ಕಾಣ್ತೀಯ" ಅಂತ. ಹದಿನಾರು ವರ್ಷದ ಹುಡುಗಿ ಆ ಮಾತನ್ನು ಡ್ರೆಸ್ಸಿನ ಜೊತೆ ಅಲ್ಲೇ ನೇತುಹಾಕಿ ಬರುವುದಿಲ್ಲ, ಮನೆಗೆ ಹೊತ್ತು ತರುತ್ತಾಳೆ. ಮೈಯನ್ನು ಬಿಟ್ಟು ಬಟ್ಟೆಯ ಬಗ್ಗೆ ಮಾತಾಡಿ. "ಇದು ಇಲ್ಲಿ ಎಳೀತಿದೆ", "ಈ ಹೊಲಿಗೆ ಅರ್ಧ ಇಂಚು ಬಿಡಿಸಬೇಕು", "ಈ ಭುಜ ಎತ್ತಿಸೋಣ". ಸುಳ್ಳು ಹೊಗಳಿಕೆ ಬೇಕಿಲ್ಲ. ತಪ್ಪು ಬಟ್ಟೆಯದು, ಬಟ್ಟೆಯನ್ನು ತಿದ್ದಬಹುದು ಅನ್ನುವುದೇ ನಿಜ.

ಬಟ್ಟೆ ತಾನೇ ಹೇಳುತ್ತದೆ, ಸುಕ್ಕು ಓದಲು ಬರಬೇಕು ಅಷ್ಟೆ. ಅಡ್ಡಡ್ಡ ಸುಕ್ಕು ಬಿದ್ದರೆ ಅಲ್ಲಿ ಬಿಗಿ. ಉದ್ದುದ್ದ ಮಡಿಕೆ ನಿಂತರೆ ಅಲ್ಲಿ ಸಡಿಲ. ಓರೆ ಗೆರೆ ಬಂದರೆ ಅದು ಬೆರಳು ತೋರಿಸಿದ ಹಾಗೆ: ಗೆರೆ ಯಾವ ಕಡೆ ಹೋಗಿ ನಿಲ್ಲುತ್ತದೋ ಅಲ್ಲಿ ತೊಂದರೆ. ಕಂಕುಳಿನ ಕಡೆಯಿಂದ ಎದೆಯ ತುದಿಗೆ ಗೆರೆ ಓಡಿದರೆ ಎದೆಯ ಭಾಗಕ್ಕೆ ಬಟ್ಟೆ ಸಾಲದು, ಅಲ್ಲಿ ಸೈಜ್ ದೊಡ್ಡದೇ ಬೇಕು. ಹೊಟ್ಟೆಯ ಮೇಲೆ ಅಡ್ಡ ಸುಕ್ಕು ಬಂದಾಗ ಎರಡು ಬೆರಳಲ್ಲಿ ಸ್ಕರ್ಟನ್ನು ಕೆಳಗೆಳೆದು ನೋಡಿ. ಸುಕ್ಕು ಹೋಗಿ ಮತ್ತೆ ಮೇಲೇರಿದರೆ ಹಿಪ್ ಬಿಗಿಯಾಗಿದೆ ಅಂತ ಅರ್ಥ, ಹೊಟ್ಟೆಗೂ ಅದಕ್ಕೂ ಸಂಬಂಧವಿಲ್ಲ.

ಆಮೇಲೆ ಡ್ರೆಸ್ ತಿರುಗಿಸಿ ಒಳಗೆ ನೋಡಿ. ಪಕ್ಕದ ಹೊಲಿಗೆಯಲ್ಲಿ ಎಷ್ಟು ಮಾರ್ಜಿನ್ ಇದೆ? ಒಂದು ಪಕ್ಕದ ಹೊಲಿಗೆಯಲ್ಲಿ ಮುಂಭಾಗದ ಬಟ್ಟೆ, ಹಿಂಭಾಗದ ಬಟ್ಟೆ ಎರಡರ ಅಂಚೂ ಇರುತ್ತದೆ. ಎರಡು ಪಕ್ಕ ಸೇರಿ ನಾಲ್ಕು ಅಂಚು. ಪ್ರತಿ ಅಂಚು 1 ಇಂಚಿದ್ದು, ಅರ್ಧ ಇಂಚು ಉಳಿಸಿ ಬಿಡಿಸಿದರೆ ಒಟ್ಟು 2 ಇಂಚು ಸಿಗುತ್ತದೆ. ಅಂಚು ಅರ್ಧ ಇಂಚೇ ಇದ್ದರೆ, ಕಾಲಿಂಚು ಮಾತ್ರ ಉಳಿಸಿ ಬಿಡಿಸಿದರೂ ಹೆಚ್ಚೆಂದರೆ 1 ಇಂಚು. ಎಷ್ಟೋ ರೆಡಿಮೇಡ್ ಗೌನುಗಳಲ್ಲಿ ಇರುವುದು ಅಷ್ಟೇ, ಓವರ್‌ಲಾಕ್ ಮಾಡಿ ಕತ್ತರಿಸಿಬಿಟ್ಟಿರುತ್ತಾರೆ. ಸ್ಯಾಟಿನ್ ಆದರೆ ಬಿಡಿಸಿದ ಮೇಲೆ ಹಳೆಯ ಸೂಜಿತೂತು ಸಾಲಾಗಿ ಕಾಣುತ್ತದೆ, ಇಸ್ತ್ರಿಗೆ ಹೋಗುವುದಿಲ್ಲ. ತೀರಾ ಸಾಲದೇ ಬಂದರೆ ಬೆನ್ನಿನ ಜಿಪ್ ತೆಗೆಸಿ, ಎರಡೂ ಕಡೆ ಕುಣಿಕೆ ಹೊಲಿಸಿ, ನಡುವೆ ಅದೇ ಬಣ್ಣದ ಬಟ್ಟೆ ಕೂರಿಸಿ, ಲಾಡಿ ಕಟ್ಟುವಂತೆ ಕಾರ್ಸೆಟ್ ಬೆನ್ನು ಮಾಡಿಸಬಹುದು. ಅದರಲ್ಲಿ 2–4 ಇಂಚು ಸಿಗುತ್ತದೆ. ಜನವರಿಯಲ್ಲಿ ಕೊಂಡ ಡ್ರೆಸ್ ಮೇ ಹೊತ್ತಿಗೆ ಬಿಗಿಯಾದರೆ ಕೈ ಹಿಡಿಯುವ ಉಪಾಯ ಇದು. ಬೆಳೆಯುವ ವಯಸ್ಸು, ಹಾಗಾಗುವುದು ಸಹಜ.

ಭುಜದ ಪಟ್ಟಿಯೇ ಇಲ್ಲದ ಸ್ಟ್ರಾಪ್‌ಲೆಸ್ ಗೌನ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಅದರ ಬಗ್ಗೆ ಅಮ್ಮಂದಿರಿಗೆ ಅತಿ ಹೆಚ್ಚು ಭಯ. ಅದು ಜಾರುವುದು ಎದೆಯ ಹತ್ತಿರ ಸಡಿಲವಾಗಿದ್ದಕ್ಕೆ ಅಂದುಕೊಂಡು ಎಲ್ಲರೂ ಅಲ್ಲೇ ಬಿಗಿ ಮಾಡಿಸುತ್ತಾರೆ. ಎದೆ ಬಿಗಿಯಾದರೆ ಮೈ ಮೇಲಕ್ಕೆ ಉಕ್ಕುತ್ತದೆ, ಉಸಿರು ಕಟ್ಟುತ್ತದೆ, ಡ್ರೆಸ್ ಮಾತ್ರ ಜಾರುವುದು ನಿಲ್ಲುವುದಿಲ್ಲ. ನಿಜವಾದ ಕಾರಣ ಸ್ಕರ್ಟಿನ ಭಾರ. ಆ ಭಾರವನ್ನು ಹೊರಬೇಕಾದ್ದು ಸೊಂಟ. ಒಳ್ಳೆಯ ಗೌನಿನ ಒಳಗೆ ಸೊಂಟದ ಗೆರೆಯಲ್ಲಿ ಒಂದು ಗಟ್ಟಿ ರಿಬ್ಬನ್ ಇರುತ್ತದೆ, ಸುಮಾರು ಒಂದಿಂಚು ಅಗಲ, ಅಡ್ಡ ಗೆರೆಗಳಿರುವ ಗ್ರೋಗ್ರೇನ್ ರಿಬ್ಬನ್. ಅದನ್ನು ಪಕ್ಕದ ಹೊಲಿಗೆಗಳಿಗೆ ಮಾತ್ರ ಅಲ್ಲಲ್ಲಿ ಟಾಕಿ, ಜಿಪ್ಪಿನ ಹತ್ತಿರ ಬಿಡಿಯಾಗಿ ಬಿಟ್ಟಿರುತ್ತಾರೆ. ಜಿಪ್ ಏರಿಸುವ ಮುಂಚೆ ಆ ರಿಬ್ಬನ್ನಿನ ಹುಕ್ ಹಾಕಬೇಕು. ಹುಕ್ ಬಿದ್ದ ಕೂಡಲೇ ಲಂಗದ ಲಾಡಿ ಬಿಗಿದ ಹಾಗೆ ಇಡೀ ಡ್ರೆಸ್ ಸೊಂಟದ ಮೇಲೆ ಕೂರುತ್ತದೆ, ಮೇಲಿನ ಭಾಗ ಭಾರ ಹೊರದೆ ಸುಮ್ಮನೆ ನಿಂತಿರುತ್ತದೆ. ಈ ರಿಬ್ಬನ್ನಿಗೆ ವೇಸ್ಟ್ ಸ್ಟೇ ಅಂತ ಹೆಸರು, ನಿಮ್ಮ ಡ್ರೆಸ್ಸಿನಲ್ಲಿ ಇಲ್ಲದಿದ್ದರೆ ಹಾಕಿಕೊಡಿ ಅಂತ ಟೈಲರ್‌ಗೆ ಕೇಳಿ. ಸಣ್ಣ ಕೆಲಸ, ಇಡೀ ರಾತ್ರಿಯ ಎಳೆದಾಟ ತಪ್ಪುತ್ತದೆ. ಮೇಲಂಚಿಗೆ ಒಳಗಡೆ ಸಿಲಿಕೋನ್ ಟೇಪ್ ಹೊಲಿಸುವುದು ಅದರ ಮೇಲಿನ ಭದ್ರತೆ, ಅದರ ಬದಲಿಗಲ್ಲ. ಮೇಲ್ಭಾಗ ನೆಟ್ಟಗೆ ನಿಲ್ಲಲಿ ಅಂತ ಒಳಗೆ ಹೊಲಿದಿರುವ ಪ್ಲಾಸ್ಟಿಕ್ ಕಡ್ಡಿಗಳು ಕಂಕುಳ ಕೆಳಗೆ ಚುಚ್ಚುತ್ತಿದ್ದರೆ ತುದಿಯನ್ನು ಕಾಲಿಂಚು ಕತ್ತರಿಸಿ ದುಂಡಗೆ ಮಾಡಿ ಮತ್ತೆ ಹೊಲಿಯಬಹುದು.

ಭುಜದ ಪಟ್ಟಿ ಇರುವ ಡ್ರೆಸ್ ಆದರೆ ಪಟ್ಟಿ ಗಿಡ್ಡ ಮಾಡಿದಷ್ಟೂ ಇಡೀ ಮೇಲ್ಭಾಗ ಏರುತ್ತದೆ ಅನ್ನುವುದು ನೆನಪಿರಲಿ. ಅರ್ಧ ಇಂಚು ಸರಿ. ಒಂದೂವರೆ ಇಂಚು ಎತ್ತಿಸಿದರೆ ಸೊಂಟದ ಹೊಲಿಗೆ ಪಕ್ಕೆಲುಬಿನ ಮೇಲೆ ಬಂದು ಕೂರುತ್ತದೆ.

ನಿಂತು ನೋಡಿದರೆ ಸಾಲದು

ಕನ್ನಡಿ ಮುಂದೆ ನಿಂತಾಗ ಎಲ್ಲ ಡ್ರೆಸ್ಸೂ ಚೆನ್ನ. ಕೈ ಎರಡೂ ಮೇಲೆತ್ತಿ ಕುಣಿಯಲು ಹೇಳಿ. ಕುರ್ಚಿಯಲ್ಲಿ ಕೂತು, ಬಗ್ಗಿ ನೆಲದಲ್ಲಿದ್ದದ್ದನ್ನು ಎತ್ತಲಿ. ಹತ್ತು ಸಲ ಹಾರಲಿ. ಪ್ರಾಮ್‌ನಲ್ಲಿ ಹುಡುಗಿಯರು ಮೂರು ಗಂಟೆ ಕುಣಿಯುತ್ತಾರೆ, ಗಟ್ಟಿಯಾಗಿಯೇ ಕುಣಿಯುತ್ತಾರೆ. ಹೋಮ್‌ಕಮಿಂಗ್‌ನ ಗಿಡ್ಡ ಡ್ರೆಸ್ ಕೂತಾಗ 2–3 ಇಂಚು ಮೇಲೇರುತ್ತದೆ, ಅದನ್ನು ಕೂತೇ ಅಳೆಯಬೇಕು. ಮೈಗಂಟುವ ಗೌನಿಗೆ ಸೀಳಿಲ್ಲದಿದ್ದರೆ ಬಸ್ಸು ಹತ್ತಲು ಕಾಲು ಎತ್ತುವುದಕ್ಕಾಗುವುದಿಲ್ಲ. ಸೀಕ್ವಿನ್ ಡ್ರೆಸ್ ಆದರೆ ಕಂಕುಳ ಹತ್ತಿರ ತೋಳಿನ ಒಳಮೈ ಉಜ್ಜಿ ಕೆಂಪಾಗುತ್ತದೆ. ಅಲ್ಲಿ ಎರಡು ಇಂಚಿನಷ್ಟು ಮಿನುಗು ಕೈಯಲ್ಲಿ ತೆಗೆಸಿ, ಅಂಚಿಗೆ ಮೆತ್ತನೆಯ ಸ್ಯಾಟಿನ್ ಪಟ್ಟಿ ಕೊಡಿಸಿ. ಸೀಕ್ವಿನ್ ಬಟ್ಟೆಯ ಅಂಚು ಗಿಡ್ಡ ಮಾಡುವುದು ದುಬಾರಿಯಾಗುವುದಕ್ಕೂ ಕಾರಣ ಇದೇ: ಹೊಲಿಗೆ ಬೀಳುವ ಗೆರೆಯುದ್ದಕ್ಕೂ ಒಂದೊಂದೇ ಮಿನುಗು ಬಿಚ್ಚಬೇಕು, ಇಲ್ಲವಾದರೆ ಸೂಜಿ ಮುರಿಯುತ್ತದೆ, ದಾರ ಸಡಿಲವಾಗಿ ಮಿನುಗು ಉದುರುತ್ತಾ ಹೋಗುತ್ತದೆ.

ಉದ್ದದ ವಿಷಯದಲ್ಲಿ ಒಂದು ಮಾತು. ಅಂಚು ನೆಲದಿಂದ ಅರ್ಧದಿಂದ ಒಂದಿಂಚು ಮೇಲಿರಬೇಕು, ಆ ದಿನ ಹಾಕುವ ಚಪ್ಪಲಿಯನ್ನೇ ಹಾಕಿಸಿ ಗುರುತು ಮಾಡಬೇಕು ಅಂತ ಎಲ್ಲ ಟೈಲರ್‌ಗಳೂ ಹೇಳುತ್ತಾರೆ. ಆದರೆ ಒಂಬತ್ತು ಗಂಟೆಯ ಹೊತ್ತಿಗೆ ಹೀಲ್ಸ್ ಗೋಡೆಯ ಬದಿಗೆ ಹೋಗಿ, ಹುಡುಗಿಯರು ಬರಿಗಾಲಲ್ಲೋ ಸ್ನೀಕರ್‌ನಲ್ಲೋ ಕುಣಿಯುತ್ತಿರುತ್ತಾರೆ. 3 ಇಂಚಿನ ಹೀಲ್ಸಿಗೆ ಕತ್ತರಿಸಿದ ಗೌನ್ ಆಗ ಎರಡೂವರೆ ಇಂಚು ನೆಲದ ಮೇಲೆ ಬಿದ್ದಿರುತ್ತದೆ, ಯಾರೋ ತುಳಿದು ಸೊಂಟದ ಹತ್ತಿರ ಹರಿಯುತ್ತದೆ. ಹಾಗಾಗಿ 2 ಇಂಚಿನೊಳಗಿನ ದಪ್ಪ ಹೀಲ್ ಆರಿಸಿ, ಅದಕ್ಕೆ ಅಂಚು ಇಡಿಸುವುದು ಜಾಣತನ. ಫೋಟೋ ತೆಗೆಯುವುದು ಹೆಚ್ಚಾಗಿ ಯಾವುದೋ ಪಾರ್ಕಿನ ಹುಲ್ಲಿನ ಮೇಲೆ, ಸೂಜಿ ಹೀಲ್ ಅಲ್ಲಿ ಮಣ್ಣಿಗಿಳಿಯುತ್ತದೆ.

ನಮ್ಮ ಮೈಬಣ್ಣ ಮತ್ತು "ನ್ಯೂಡ್" ಜಾಲರಿ

ಕಂದು ಮೈಬಣ್ಣಕ್ಕೆ ಇಂಥ ಬಣ್ಣವೇ ಆಗಬೇಕು ಅನ್ನುವ ಪಟ್ಟಿಗಳನ್ನು ನಂಬಬೇಡಿ. ಗಾಢ ಹಸಿರು, ಕೆಂಪು, ರಾಯಲ್ ನೀಲಿ ಎಲ್ಲ ನಮಗೆ ಚೆನ್ನಾಗಿ ಒಪ್ಪುತ್ತವೆ ನಿಜ, ಆದರೆ ತಿಳಿ ಗುಲಾಬಿಯೂ ಒಪ್ಪುತ್ತದೆ. ಅಂಗಡಿಯ ಹಳದಿ ಬೆಳಕಿನಿಂದ ಆಚೆ ಕಿಟಕಿಯ ಹತ್ತಿರ ನಿಂತು ನೋಡಿದರೆ ಗೊತ್ತಾಗುತ್ತದೆ. ನಿಜವಾದ ತೊಡಕಿರುವುದು ಕತ್ತಿನ, ಬೆನ್ನಿನ ಪಾರದರ್ಶಕ ಜಾಲರಿಯಲ್ಲಿ. ಮೈಬಣ್ಣದ್ದು ಅಂತ ಮಾರುವ ಜಾಲರಿಯನ್ನು ಬಹಳ ಡ್ರೆಸ್‌ಗಳಲ್ಲಿ ಬಿಳಿ ಮೈಗೆ ಹೊಂದುವಂತೆ ಮಾಡಿರುತ್ತಾರೆ. ನಮ್ಮ ಮಕ್ಕಳ ಮೈಮೇಲೆ ಅದು ಬೂದಿ ಬಳಿದ ಹಾಗೆ ಕಾಣುತ್ತದೆ, ಫೋಟೋದಲ್ಲಿ ಇನ್ನೂ ಹೆಚ್ಚು. ಮೋಕಾ, ಕಾಫಿ, ಎಸ್ಪ್ರೆಸೊ ಹೆಸರಿನ ಛಾಯೆ ಇದೆಯೇ ಕೇಳಿ. ಇಲ್ಲದಿದ್ದರೆ ಟೈಲರ್ ಕೈಲಿ ಜಾಲರಿ ಬದಲಾಯಿಸಿ, ಅಥವಾ ಡ್ರೆಸ್ಸಿನದೇ ಬಣ್ಣದ ಜಾಲರಿ ಹಾಕಿಸಿ. ಎರಡನೆಯದೇ ನನಗೆ ಹೆಚ್ಚು ಇಷ್ಟ. ಮುಚ್ಚುಮರೆಯಿಲ್ಲದೆ ಅದೂ ಡ್ರೆಸ್ಸಿನ ಭಾಗವಾಗಿಬಿಡುತ್ತದೆ.

ಹಾಗೆಯೇ ಫೋನಿನ ಫ್ಲ್ಯಾಶ್ ಹಾಕಿ ಎರಡು ಮಾರು ದೂರದಿಂದ ಫೋಟೋ ತೆಗೆದು ನೋಡಿ. ಒಳಪದರ ತೆಳುವಾಗಿದ್ದರೆ ಕಣ್ಣಿಗೆ ಕಾಣದ್ದು ಫ್ಲ್ಯಾಶಿನಲ್ಲಿ ಕಾಣುತ್ತದೆ. ತಿಳಿಬಣ್ಣದ ಸ್ಯಾಟಿನ್ ಬೆವರನ್ನು ತೋರಿಸುತ್ತದೆ ಅನ್ನುವುದನ್ನೂ ಅವಳಿಗೆ ಹೇಳಿಡಿ.

ಲೆಹೆಂಗಾ, ಇಲ್ಲವೇ ಅಜ್ಜಿಯ ಮೈಸೂರು ಸಿಲ್ಕ್

ಪ್ರಾಮ್‌ಗೆ ಲೆಹೆಂಗಾ ಹಾಕಿ ಹೋಗುವ ನಮ್ಮ ಹುಡುಗಿಯರು ಈಗ ಕಡಿಮೆಯಿಲ್ಲ. ಮಗಳು ತಾನೇ ಕೇಳಿದರೆ ಮಾತ್ರ ಮಾಡಿಸಿ. ನಮ್ಮ ಆಸೆಗೆ ಹೊಲಿಸಿದ್ದು ಅವಳ ಮೈಮೇಲೆ ಭಾರವಾಗುತ್ತದೆ. ಹೊಟ್ಟೆ ಕಾಣಬಾರದೆಂಬ ನಿಯಮ ಶಾಲೆಯಲ್ಲಿದ್ದರೆ ಬ್ಲೌಸನ್ನು ಲೆಹೆಂಗಾದ ಪಟ್ಟಿ ಮುಚ್ಚುವಷ್ಟು ಉದ್ದ ಮಾಡಿಸಿ, ಕೂತು ಕೈ ಎತ್ತಿದಾಗಲೂ ಮುಚ್ಚಬೇಕು. ಬೆನ್ನಿನ ಡೋರಿ ಕುಣಿತಕ್ಕೆ ಸಡಿಲಾಗುತ್ತದೆ, ಅದರ ಕೆಳಗೆ ಹುಕ್ಕೋ ಜಿಪ್ಪೋ ಇರಲೇಬೇಕು, ಡೋರಿ ಬರೀ ಅಂದಕ್ಕೆ. ದುಪಟ್ಟಾವನ್ನು ಭುಜಕ್ಕೂ ಸೊಂಟಕ್ಕೂ ಹೊಲಿದೇ ಕೂರಿಸಿ, ಇಲ್ಲವಾದರೆ ಅರ್ಧ ಗಂಟೆಯಲ್ಲಿ ಕುರ್ಚಿಯ ಮೇಲೆ ಬಿದ್ದಿರುತ್ತದೆ. ಲೆಹೆಂಗಾ ಅರಳಿ ನಿಲ್ಲಲು ಒಳಗೆ ಹಾಕುವ ಗಡಸು ಜಾಲರಿ, ಕ್ಯಾನ್‌ಕ್ಯಾನ್, ಎರಡು ಪದರ ಸಾಕು.

ಬೆಂಗಳೂರಿನಲ್ಲಿ ಹೊಲಿಸಿ ತರಿಸುವುದಾದರೆ ಅಳತೆಯ ಚೀಟಿಯ ಜೊತೆ ಅವಳಿಗೆ ಈಗ ಸರಿಯಾಗಿ ಕೂರುವ ಒಂದು ಬ್ಲೌಸನ್ನು ಕಳಿಸಿ, ಪ್ರತಿ ಪಕ್ಕದಲ್ಲಿ 2 ಇಂಚು ಮಾರ್ಜಿನ್ ಬಿಡಲು ಬರೆದು ಹೇಳಿ. ಮೈ ಅಳತೆಯೋ ಬಟ್ಟೆಯ ಅಳತೆಯೋ ಅಂತ ಚೀಟಿಯಲ್ಲಿ ಸ್ಪಷ್ಟವಾಗಿರಲಿ. 800 ಡಾಲರ್ ಒಳಗಿನ ಪಾರ್ಸಲ್‌ಗೆ ಅಮೆರಿಕ ಕೊಡುತ್ತಿದ್ದ ಸುಂಕದ ವಿನಾಯಿತಿಯನ್ನು 2025ರ ಆಗಸ್ಟ್‌ನಲ್ಲಿ ತೆಗೆದಿದ್ದಾರೆ. ಊರಿಂದ ಬರುವವರ ಕೈಲಿ ತರಿಸುವುದೇ ನಿಶ್ಚಿಂತೆ.

ಮೈಸೂರು ಸಿಲ್ಕ್ ಸೀರೆಯಿಂದ ಗೌನ್ ಮಾಡಿಸುವ ಯೋಚನೆ ನಿಜಕ್ಕೂ ಒಳ್ಳೆಯದು, ಎಚ್ಚರದಿಂದ ಮಾಡಿದರೆ. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1912ರಲ್ಲಿ ಮೈಸೂರಿನಲ್ಲಿ ಶುರುವಾದ ರೇಷ್ಮೆ ಕಾರ್ಖಾನೆಯ ಈ ಕ್ರೇಪ್ ಬಟ್ಟೆ, ರೇಷ್ಮೆ ನೂಲನ್ನು ಬಿಗಿಯಾಗಿ ಹುರಿ ಮಾಡಿ ನೇಯ್ದದ್ದು. ಅದಕ್ಕೇ ಅದು ಕಂಚಿ ರೇಷ್ಮೆಯ ಹಾಗೆ ನಿಲ್ಲದೆ ನೀರಿನ ಹಾಗೆ ಇಳಿಯುತ್ತದೆ. ಗೌನಿಗೆ ಬೇಕಾದ್ದು ಈ ಗುಣವೇ.

ಮೊದಲು ಸೀರೆಯನ್ನು ಪರೀಕ್ಷಿಸಿ. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿದ್ದ ರೇಷ್ಮೆ ಮಡಿಕೆಯ ಗೆರೆಯಲ್ಲೇ ಸೀಳುತ್ತದೆ. ಎರಡು ಹೆಬ್ಬೆರಳ ನಡುವೆ ಮಡಿಕೆಯ ಜಾಗ ಹಿಡಿದು ಬೆಳಕಿಗೆ ಒಡ್ಡಿ ಮೆಲ್ಲಗೆ ಎಳೆಯಿರಿ. ಎಳೆಗಳು ಬಿಟ್ಟುಕೊಂಡು ಬೆಳಕು ಕಂಡರೆ ಆ ಸೀರೆಗೆ ಕತ್ತರಿ ಹಾಕಬೇಡಿ, ಉಡಿಸಿಯೇ ಕಳಿಸಿ. ಗಟ್ಟಿಯಾಗಿದ್ದರೆ ಮುಂದಿನ ಲೆಕ್ಕ: ಸೀರೆಯ ಉದ್ದ ಸುಮಾರು 5.5 ಮೀಟರ್, ಪನ್ನ 44ರಿಂದ 46 ಇಂಚು. ಪನ್ನವನ್ನೇ ಸ್ಕರ್ಟಿನ ಉದ್ದವಾಗಿ ಇಟ್ಟುಕೊಂಡರೆ ಜರಿಯಂಚು ತಾನಾಗಿ ಪಾದದ ಹತ್ತಿರ ಬರುತ್ತದೆ. 5 ಅಡಿ 4 ಇಂಚಿನ ಹುಡುಗಿಗೆ ಸೊಂಟದಿಂದ ನೆಲಕ್ಕೆ ಸುಮಾರು 40–41 ಇಂಚು, 2 ಇಂಚಿನ ಹೀಲ್ ಸೇರಿದರೂ ಪನ್ನ ಸಾಕಾಗುತ್ತದೆ. ಇನ್ನೂ ಎತ್ತರದವಳಾದರೆ ಸೊಂಟದಲ್ಲಿ ಅಗಲ ಪಟ್ಟಿ ಕೊಡಬೇಕು. ಸ್ಕರ್ಟಿಗೆ 3.5 ಮೀಟರ್ ನೆರಿಗೆ ಹಿಡಿಸಿ, ಉಳಿದ ಒಡಲು ಮೇಲ್ಭಾಗಕ್ಕೆ, ಸೆರಗು ಎದೆಯ ಮೇಲೋ ಬೆನ್ನ ಮೇಲೋ.

ಇಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ. ಜರಿಯಂಚು ಕೆಳಗಿರುವ ಸ್ಕರ್ಟನ್ನು ಕೆಳಗಿನಿಂದ ಗಿಡ್ಡ ಮಾಡಲು ಬರುವುದಿಲ್ಲ, ಮಾಡಿದರೆ ಅಂಚೇ ಹೋಗುತ್ತದೆ. ಗಿಡ್ಡ ಮಾಡುವುದಿದ್ದರೆ ಸೊಂಟ ಬಿಚ್ಚಿ ಮೇಲಿನಿಂದಲೇ. ಆದ್ದರಿಂದ ನೆರಿಗೆ ಕೂರಿಸುವ ಮುಂಚೆ ಚಪ್ಪಲಿ ಹಾಕಿಸಿ ಸೊಂಟದಿಂದ ನೆಲಕ್ಕೆ ಮುಂದೆ, ಹಿಂದೆ, ಎರಡೂ ಪಕ್ಕ ನಾಲ್ಕು ಕಡೆ ಅಳೆಯಿರಿ. ನಾಲ್ಕೂ ಒಂದೇ ಬರುವುದು ಅಪರೂಪ.

ಮೇಲ್ಭಾಗದ ಬಿಗಿತವನ್ನು ರೇಷ್ಮೆಯ ಮೇಲೆ ಹಾಕಬಾರದು. ಒಳಗೆ ಗಟ್ಟಿ ಹತ್ತಿ ಲೈನಿಂಗನ್ನು ಮೈಗೆ ಸರಿಯಾಗಿ ಹೊಲಿದು, ರೇಷ್ಮೆಯನ್ನು ಅದಕ್ಕಿಂತ ಕಾಲಿಂಚು ಸಡಿಲವಾಗಿ ಮೇಲೆ ಕೂರಿಸಲು ಹೇಳಿ. ಆಗ ಕೈ ಎತ್ತಿದಾಗ ಎಳೆತ ಬೀಳುವುದು ಹತ್ತಿಗೆ. ಹಾಗೆ ಮಾಡದಿದ್ದರೆ ಬೆನ್ನಿನ ಜಿಪ್ ಪಕ್ಕ, ಕಂಕುಳ ಕೆಳಗೆ ನೂಲು ಸರಿದು ಹೊಲಿಗೆಯ ಗುಂಟ ಸಣ್ಣ ಏಣಿಯಂತೆ ಬಾಯಿ ಬಿಡುತ್ತದೆ.

ಆ ಸಂಜೆ

ಸುಗಂಧ, ಡಿಯೋಡರೆಂಟ್ ಎಲ್ಲ ಡ್ರೆಸ್ ಹಾಕುವ ಹತ್ತು ನಿಮಿಷ ಮುಂಚೆ ಆಗಬೇಕು. ಜರಿಯಲ್ಲಿ ಬೆಳ್ಳಿಯಿದೆ, ಸ್ಪ್ರೇ ಬಿದ್ದ ಜಾಗ ಕಪ್ಪಾಗುತ್ತದೆ. ಅಂಟಿಸುವ ಬ್ರಾ ಹಾಕುವುದಾದರೆ ಮೈಗೆ ಲೋಷನ್ ಹಚ್ಚಿರಬಾರದು, ಅಂಟು ನಿಲ್ಲುವುದಿಲ್ಲ. ಒಂದು ವಾರ ಮುಂಚೆ ಮನೆಯಲ್ಲಿ ಒಂದೆರಡು ಗಂಟೆ ಹಾಕಿ ಚರ್ಮಕ್ಕೆ ತುರಿಕೆ ಬರುತ್ತದೆಯೇ ನೋಡಿಕೊಳ್ಳಲಿ. ಟ್ಯೂಲ್, ಶಿಫಾನ್‌ಗೆ ಇಸ್ತ್ರಿ ಬೇಡ, ಬಚ್ಚಲಿನಲ್ಲಿ ಬಿಸಿನೀರು ಬಿಟ್ಟು ಹಬೆಯಲ್ಲಿ ನೇತುಹಾಕಿದರೆ ಸುಕ್ಕು ಇಳಿಯುತ್ತದೆ. ಪರ್ಸಿನಲ್ಲಿ ನಾಲ್ಕು ಸೇಫ್ಟಿ ಪಿನ್, ಡ್ರೆಸ್ಸಿನ ಬಣ್ಣದ ದಾರ ಪೋಣಿಸಿದ ಒಂದು ಸೂಜಿ, ಎರಡು ಬದಿ ಅಂಟುವ ಟೇಪಿನ ಕೆಲವು ತುಂಡು. ಹೊರಗೆ ನೇತಾಡುವ ರಿಟರ್ನ್ ಟ್ಯಾಗ್ ಇರುವ ಡ್ರೆಸ್ ಆದರೆ, ಎಲ್ಲ ಸರಿಯಿದೆ ಅಂತ ಖಚಿತವಾದ ಮೇಲೆಯೇ ಅದನ್ನು ಕತ್ತರಿಸಿ. ಅದು ಹೋದರೆ ವಾಪಸ್ ಇಲ್ಲ.

ಮರುದಿನ ಡ್ರೆಸ್ಸನ್ನು ಬ್ಯಾಗಿನಲ್ಲಿ ತುರುಕದೆ ಒಳಗು ಹೊರಗು ಮಾಡಿ ಗಾಳಿಗೆ ಹಾಕಿ. ರೇಷ್ಮೆಯದಾದರೆ ಬೆವರಿನ ಕಲೆ ಹಳದಿಗಟ್ಟುವ ಮುಂಚೆ, ಆ ವಾರವೇ, ಡ್ರೈ ಕ್ಲೀನಿಂಗ್‌ಗೆ ಕೊಡಿ, ಕಲೆಯಿರುವ ಜಾಗಕ್ಕೆ ಪಿನ್ ಹಾಕಿ ತೋರಿಸಿ. ಭಾರದ ಗೌನನ್ನು ಹ್ಯಾಂಗರಿಗೆ ತೂಗುಹಾಕಿದರೆ ಭುಜ ಜೋಲುತ್ತದೆ, ಹಳೆಯ ಹತ್ತಿ ಸೀರೆಯಲ್ಲಿ ಸುತ್ತಿ ಮಲಗಿಸಿಡಿ. ಮತ್ತೆ ಹಾಕುವುದಿಲ್ಲ ಅಂತ ಮಗಳೇ ಹೇಳಿದರೆ, ಪ್ರಾಮ್ ಡ್ರೆಸ್ ಕೊಳ್ಳಲಾಗದ ಹುಡುಗಿಯರಿಗೆ ಉಚಿತವಾಗಿ ಕೊಡುವ ಬೆಕ್ಕಾಸ್ ಕ್ಲಾಸೆಟ್‌ನಂಥ ಸಂಸ್ಥೆಗಳು ಇವನ್ನು ಪಡೆಯುತ್ತವೆ. ಕೊಡುವ ಮುಂಚೆ ಒಳಗಿನ ವೇಸ್ಟ್ ಸ್ಟೇ ಬಿಚ್ಚದೆ ಹಾಗೇ ಬಿಟ್ಟು, ಅದರ ಹುಕ್ಕನ್ನು ಜಿಪ್ಪಿಗಿಂತ ಮೊದಲು ಹಾಕಬೇಕು ಅಂತ ಒಂದು ಚೀಟಿ ಪಿನ್ ಮಾಡಿ.